ನಾಲ್ಕೂವರೆಯ ನೆರಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಶುರು ಮಾಡಿದರೆ ನೀವು ಆಕಾಶ ನೋಡುತ್ತೀರಿ. ಕಂಬದ ಬುಡದಿಂದ ಮಾಡಿದರೆ ನೆಲ ನೋಡುತ್ತೀರಿ. ಎರಡನ್ನೂ ಒಟ್ಟಿಗೆ ನೋಡಲಾಗುವುದಿಲ್ಲ. ಗಲಾಟೆಯಾದದ್ದೇ ಅದರಿಂದ. (ಮೊದಲ ಪ್ಯಾರಾದಲ್ಲೇ ಗುಟ್ಟು ಬಿಟ್ಟುಕೊಟ್ಟೆ. ಹೊಡೆದುಹಾಕಬೇಕಿತ್ತು. ಇರಲಿ, ಈ ವಾರ ಹೊಡೆದುಹಾಕಿದ್ದೇ ಬರೆದದ್ದಕ್ಕಿಂತ ಹೆಚ್ಚಾಗಿದೆ.)

ಮೊದಲ ಡ್ರಾಫ್ಟಿನಲ್ಲಿ ಈ ಕಥೆಯ ತೀರ್ಪುಗಾರ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಕೊಟ್ಟಿದ್ದೆ. ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳು ತಾನೇ ನೋಡದೆ ಹೋಗುತ್ತಾಳೆ, ಆಹಾ! ಮಾರನೆಯ ದಿನ ಓದಿದಾಗ ನನಗೇ ನಾಚಿಕೆಯಾಯಿತು. ಅವಳನ್ನು ಬಸ್ ಡಿಪೋಗೆ ವರ್ಗ ಮಾಡಿದೆ. ಈಗ ಅವಳು ಅಲ್ಲಿ ಹಾಜರಿ ಬರೆಯುವ ಗುಮಾಸ್ತೆ. ರಜೆ ಸಿಕ್ಕಾಗ ವಿಮಾನದ ರೇಸಿಗೆ ಹೋಗಿ, ಸಂಬಳವಿಲ್ಲದೆ, ಕಂಬದ ಕೆಳಗೆ ನಿಲ್ಲುತ್ತಾಳೆ. ಅಲ್ಲಿ ಎಲ್ಲರಿಗೂ ಅವಳು ಅಕ್ಕ. ಒಂಬತ್ತು ವರ್ಷಗಳಲ್ಲಿ ಅವಳ ಒಂದು ತೀರ್ಪನ್ನೂ ಯಾರೂ ಪ್ರಶ್ನಿಸಿಲ್ಲ.

೨

ಕೆಲಸ ಏನೆಂದು ಹೇಳಿಬಿಡುತ್ತೇನೆ. ಬಯಲಿನಲ್ಲಿ ಎಂಟು ಕಂಬಗಳು, ಒಂದೊಂದೂ ಐದು ಮಹಡಿಯಷ್ಟು ಎತ್ತರ, ಮೈಗೆ ಕಿತ್ತಳೆ ಬಣ್ಣದ ಬಟ್ಟೆ. ವಿಮಾನಗಳು ಅವುಗಳ ಹೊರಗಿನಿಂದಲೇ ಸುತ್ತು ಹಾಕಬೇಕು. ಒಳಗಿನಿಂದ ನುಸುಳಿದರೆ ದಾರಿ ಹತ್ತಿರವಾಗುತ್ತದೆ, ಅದಕ್ಕೆ ಎರಡು ಸೆಕೆಂಡ್ ದಂಡ. ಪ್ರತಿ ಕಂಬದ ಬುಡದಲ್ಲಿ ಮೂವರು ತೀರ್ಪುಗಾರರು ತಲೆ ಎತ್ತಿ, ಕಂಬದ ಅಂಚಿನ ನೇರಕ್ಕೆ ಕಣ್ಣಿಟ್ಟು ನಿಲ್ಲುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ವಿಮಾನ ಒಳಗೆ ಹೋಯಿತು ಎನ್ನುವವರು ಕೆಂಪು ಹಲಗೆ ಎತ್ತಬೇಕು, ಆಮೇಲೆ ಮೂವರೂ ಚೀಟಿಯಲ್ಲಿ ಗುರುತು ಹಾಕಬೇಕು. ಚೀಟಿಯಲ್ಲಿರುವುದು ಎರಡೇ ಚೌಕ: ಒಳಗೆ, ಹೊರಗೆ. ಮೂವರಲ್ಲಿ ಇಬ್ಬರು ಹೇಳಿದ್ದೇ ತೀರ್ಪು.

ವಿಮಾನ ದಾಟುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಅಷ್ಟಕ್ಕಾಗಿ ದಿನವಿಡೀ ಕತ್ತೆತ್ತಿ ನಿಂತರೆ ಮಧ್ಯಾಹ್ನಕ್ಕೆ ಕತ್ತು ಮರಗಟ್ಟುತ್ತದೆ. ಅದಕ್ಕೇ ಹಳಬರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಅದು ನಿಯಮದ ಪುಸ್ತಕದಲ್ಲಿಲ್ಲ. ಕಂಬದ ಬುಡದಲ್ಲಿ, ಒಳಗು ಹೊರಗುಗಳ ಗಡಿಗೆ, ನೆಲದ ಮೇಲೆ ಸುಣ್ಣದ ಗೆರೆ ಎಳೆದಿರುತ್ತಾರೆ. ಸೂರ್ಯ ನೆತ್ತಿಯ ಮೇಲಿದ್ದಾಗ ತಲೆ ತಗ್ಗಿಸಿ, ವಿಮಾನದ ನೆರಳು ಗೆರೆಯ ಯಾವ ಕಡೆ ಓಡಿತು ಎಂದು ನೋಡಿಕೊಂಡರೆ ಸಾಕು. ಕತ್ತಿಗೂ ಆರಾಮ, ಕಣ್ಣಿಗೂ ಆರಾಮ.

ಈಗ ಸೆಮಿಫೈನಲಿನ ಕೊನೆಯ ಸುತ್ತು. ಹಸಿರು ವಿಮಾನದ ಪೈಲಟ್ ಬರುತ್ತಿದ್ದಾನೆ. ಅವನನ್ನು ಎಲ್ಲರೂ ಮಿಡತೆ ಎನ್ನುತ್ತಾರೆ. ಹನ್ನೊಂದು ವರ್ಷ ಹಾರಿದರೂ ಫೈನಲ್ ಕಂಡವನಲ್ಲ. ಮುಂದಿನ ವರ್ಷ ಹಾರಲು ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಐವರಿಗಷ್ಟೇ ಫೈನಲ್, ಅವನು ಐದನೆಯವನು. ಅವನ ಹಿಂದೆ ಒಂದೇ ಸೆಕೆಂಡಿನ ಅಂತರದಲ್ಲಿ ಬಿಳಿ ವಿಮಾನದ ಹುಡುಗಿ ಇದ್ದಾಳೆ. ಹಸಿರು ವಿಮಾನ ಕಂಬದ ಹತ್ತಿರ ಬಂತು, ಬಂತು,

೪

ಹೋಯಿತು.

ಮೂರನೆಯ ಭಾಗ ಎಲ್ಲಿ ಎಂದು ಹುಡುಕಬೇಡಿ. ವಿಮಾನ ದಾಟಿದ್ದು ಅಲ್ಲೇ. ಆಗ ನಾನು ಮೂರು ಎಂಬ ಅಂಕಿ ಬರೆಯಲು ತಲೆ ತಗ್ಗಿಸಿದ್ದೆ. ನೀವಂತೂ ಅಲ್ಲೇ ಇದ್ದಿರಿ, ನೋಡಿದಿರಾ?

ಮೊದಲ ತೀರ್ಪುಗಾರ ಹಲಗೆ ಎತ್ತಿದ. ಎರಡನೆಯವನು ಎತ್ತಲಿಲ್ಲ. ಅಕ್ಕ ಎತ್ತಿದಳು. ಎರಡು ಸೆಕೆಂಡ್. ಮಿಡತೆ ರೇಸಿನಿಂದ ಹೊರಗೆ, ಬಿಳಿ ವಿಮಾನದ ಹುಡುಗಿ ಫೈನಲ್‌ಗೆ.

ಚೀಟಿಗೆ ಗುರುತು ಹಾಕಿ, ಕೈಯನ್ನು ಕತ್ತಿನ ಹಿಂದೆ ಇಟ್ಟು ಒತ್ತಿಕೊಳ್ಳುವಾಗ ಅಕ್ಕ ನೆಲ ನೋಡಿದಳು. ಅವಳ ಬೂಟುಗಳು ಸುಣ್ಣದ ಗೆರೆಯ ಹೊರಗಿದ್ದವು. ಅವಳ ತಲೆಯ ನೆರಳು ಗೆರೆ ದಾಟಿ ಒಳಗೆ ಬಿದ್ದಿತ್ತು.

ಗಂಟೆ ನಾಲ್ಕೂವರೆ.

೫

“ನೀವು ಬರೆದೋರು ತಾನೇ? ನಿಮಗೇ ಗೊತ್ತಿಲ್ಲ ಅಂದ್ರೆ?” ಮಿಡತೆ ನೇರವಾಗಿ ನನ್ನ ಹತ್ತಿರವೇ ಬಂದ. ಹೆಲ್ಮೆಟ್ ಕಂಕುಳಲ್ಲಿತ್ತು. (ಅವನನ್ನು ಕರೆದಿರಲಿಲ್ಲ. ಪಾತ್ರಗಳಿಗೆ ಹಠ ಕಲಿಸಿದ್ದು ನನ್ನ ತಪ್ಪು.)

“ಹಾರಿಸಿದೋರು ನೀವು. ನಿಮಗೆ ಗೊತ್ತಿರಬೇಕಲ್ವಾ?”

“ವಿಮಾನ ಪೂರ್ತಿ ವಾಲಿಸಿ ತಿರುಗುವಾಗ ಕಂಬ ಎಲ್ಲಿ ಕಾಣುತ್ತೆ ಮೇಡಂ? ರೆಕ್ಕೆ ಅಡಿ ಹೋಗಿಬಿಡುತ್ತೆ. ಹೊರಗೇ ಇದ್ದೆ ಅನ್ಸುತ್ತೆ.”

“ಅನ್ಸುತ್ತೆ?”

“ನಿಮ್ಮ ಅಕ್ಕಂಗೂ ಅನ್ಸಿದ್ದೇ ತಾನೇ! ಅವರಿಗೆ ಅನ್ಸಿದ್ರೆ ತೀರ್ಪು, ನನಗೆ ಅನ್ಸಿದ್ರೆ ನೆಪನಾ?”

ಇದಕ್ಕೆ ಉತ್ತರ ಬರೆಯಲು ಕೂತೆ. ಎರಡು ಪುಟ ಹಾಳಾಯಿತು.

೬

ಮುಕ್ತಾಯ, ಒಂದನೆಯದು. ಅಕ್ಕ ಸುಮ್ಮನಿರುತ್ತಾಳೆ. ಮಿಡತೆ ಮನೆಗೆ ಹೋಗುತ್ತಾನೆ. (ಇದು ಮುಕ್ತಾಯವಲ್ಲ, ಮುಚ್ಚಳ. ತೆಗೆದೆ.)

ಎರಡನೆಯದು. ಕ್ಯಾಮೆರಾ! ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದರಂತೆ, ಅದರಲ್ಲಿ ಎಲ್ಲ ಸಿಕ್ಕಿದೆಯಂತೆ. ಹಾಗೆ ಬರೆದೆ. ವಿಡಿಯೋ ಹಾಕಿ ನೋಡಿದರು. ಕಟ್ಟುವವರು ಸ್ವಲ್ಪ ಓರೆಯಾಗಿ ಕಟ್ಟಿದ್ದರು. ಎಷ್ಟು ಓರೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನೇ ಕಟ್ಟಿಸಿದ ಕ್ಯಾಮೆರಾ ನನ್ನ ಮಾತು ಕೇಳಲಿಲ್ಲ.

ಮೂರನೆಯದು. ಅಕ್ಕ ತೀರ್ಪುಗಾರರ ಕೋಣೆಗೆ ಹೋಗುತ್ತಾಳೆ. ಅಲ್ಲಿ ಮಡಚುವ ಕುರ್ಚಿಗಳು, ಹಾರದಂತೆ ಕಲ್ಲಿಟ್ಟ ಚೀಟಿಗಳು, ಅರ್ಧ ಕುಡಿದ ಕಾಫಿ. ಎಲ್ಲರೂ ಯಜಮಾನ್ರು ಎನ್ನುವ ಮುಖ್ಯ ತೀರ್ಪುಗಾರರು ಫೈನಲಿನ ಪಟ್ಟಿಗೆ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದಾರೆ.

“ಯಜಮಾನ್ರೇ, ಹಸಿರು ವಿಮಾನ ನಾನು ನೋಡಿಲ್ಲ. ಅದರ ನೆರಳು ನೋಡಿದೆ.”

“ಎಲ್ಲರೂ ನೋಡ್ತಾರಮ್ಮ. ನಾನೂ ನೋಡ್ತಿದ್ದೆ.”

“ನಾಲ್ಕೂವರೆಗೆ?”

ಯಜಮಾನ್ರು ಪೆನ್ನು ಹುಡುಕುವುದನ್ನು ನಿಲ್ಲಿಸಿದರು. “ಬೆಳಗ್ಗಿಂದ ಎಷ್ಟು ಚೀಟಿ ಕೊಟ್ಟಿದೀಯ?”

“ಹದಿನಾಲ್ಕು.”

“ಎಷ್ಟು ನೆರಳು ನೋಡಿ?”

“ಗೊತ್ತಿಲ್ಲ. ಊಟ ಆದ ಮೇಲಿನವೆಲ್ಲ ಇರ್ಬೋದು.”

“ಇರ್ಬೋದು ಅಂತ ನಾನು ಎಲ್ಲಿ ಬರೀಲಿ ಹೇಳು? ಇದೊಂದು ತೆಗೆದ್ರೆ ಹದಿನಾಲ್ಕೂ ತೆಗೀಬೇಕು. ಪಟ್ಟಿ ಪೂರ್ತಿ ತಲೆಕೆಳಗಾಗುತ್ತೆ. ತೆಗೀದಿದ್ರೆ ಅವನ ಒಂದು ವರ್ಷ ಹೋಗುತ್ತೆ.”

“ಒಂದು ವರ್ಷ ಅಲ್ಲ. ಅವನಿಗೆ ಇದೇ ಕೊನೇದು.”

ಬಿಳಿ ವಿಮಾನದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾ, ನಾನೇನು ಮಾಡಿದೆ? ನಾನು ಹೊರಗಿಂದಾನೇ ಸುತ್ತಿದೆ. ದೂರ ಆದ್ರೂ ಆಗಲಿ ಅಂತ ಹೊರಗಿಂದಾನೇ.”

ಅವಳು ಹೇಳಿದ್ದು ನಿಜ. ಅಷ್ಟು ಮಾತ್ರ ನನಗೆ ಗೊತ್ತು.

ಈ ಮುಕ್ತಾಯವನ್ನು ಉಳಿಸಿಕೊಳ್ಳಬೇಕೆಂದಿದ್ದೆ. ಆದರೆ ಮಿಡತೆ ನಿಜವಾಗಿಯೂ ಒಳಗಿನಿಂದ ಹೋಗಿದ್ದರೆ? ಮೊದಲ ತೀರ್ಪುಗಾರ ತಲೆ ಎತ್ತಿಯೇ ನೋಡಿದ್ದ, ಅವನೂ ಒಳಗೆ ಎಂದಿದ್ದ. ತಪ್ಪು ದಾರಿಯಲ್ಲಿ ಹೋಗಿ ಅಕ್ಕ ಸರಿಯಾದ ಜಾಗಕ್ಕೇ ತಲುಪಿರಬಹುದು. ಆಗ ಅವಳು ಸತ್ಯ ಹೇಳಿದರೆ ನ್ಯಾಯ ಕೆಡುತ್ತದೆ. ಹೇಳದಿದ್ದರೆ, ಅದೇನೋ ಕೆಡುತ್ತದೆ, ಅದಕ್ಕೆ ಹೆಸರು ಸಿಗುತ್ತಿಲ್ಲ.

೭

ಇಲ್ಲಿಯವರೆಗಿನ ಪುಟಗಳನ್ನು ನನ್ನ ದೊಡ್ಡ ಮಗಳು ಓದಿದಳು. ನಾನು ಕೊಟ್ಟದ್ದಲ್ಲ. ಊಟದ ಮೇಜಿನ ಮೇಲೆ ಬಿಟ್ಟಿದ್ದೆ.

“ಅಮ್ಮಾ, ಚೀಟೀಲಿ ಇನ್ನೊಂದು ಚೌಕ ಹಾಕು. ‘ನೋಡಿಲ್ಲ’ ಅಂತ.”

“ಹಾಗೆ ಹಾಕಿದ್ರೆ ಕಷ್ಟದ್ದೆಲ್ಲ ಅದಕ್ಕೇ ಹೋಗುತ್ತೆ ಪುಟ್ಟಿ. ಆಮೇಲೆ ತೀರ್ಪು ಕೊಡೋರು ಯಾರು?”

“ಯಾರೂ ಕೊಡೋದು ಬೇಡ.”

“ಬೇಡ ಅಂದ್ರೆ ರೇಸ್ ನಡೆಯಲ್ಲ.”

ಅವಳು ಪುಟಗಳನ್ನು ಜೋಡಿಸಿ ಅಂಚು ಸರಿಮಾಡಿದಳು. “ಮೊನ್ನೆ ತಮ್ಮನ ಸ್ಕೇಲ್ ಮುರೀತಲ್ಲ. ನೀನು ಒಲೆ ಕಡೆ ತಿರುಗಿಕೊಂಡಿದ್ದೆ.”

“ಸದ್ದು ಕೇಳಿ ತಿರುಗಿದೆ. ನಿನ್ನ ಕೈಯಲ್ಲಿತ್ತು.”

“ಅರ್ಧ ಇತ್ತು.”

(ಭಾನುವಾರ ಚಿಕ್ಕಮ್ಮನ ಮನೆಗೆ ಅವಳನ್ನು ಕಳಿಸಲಿಲ್ಲ. ಅದೇ ಶಿಕ್ಷೆ. ಭಾನುವಾರ ಮುಗಿದುಹೋಗಿದೆ, ವಾಪಸ್ ಕೊಡಲು ಬರುವುದಿಲ್ಲ.)

“ಹಾಗಾದ್ರೆ ನೀನು ಮುರೀಲಿಲ್ವಾ?”

“ನಾನು ಹೇಳಲ್ಲ,” ಎಂದಳು. “ನೀನು ಅವತ್ತು ಕೇಳ್ಲೇ ಇಲ್ಲ. ಈಗ ಕಥೆಗೋಸ್ಕರ ಕೇಳ್ತಿದೀಯ.”

೩

(ಬಿಟ್ಟುಹೋದದ್ದನ್ನು ಈಗ ಬರೆದು ಸೇರಿಸಿದರೆ ಸರಿಹೋಗಬಹುದೇನೋ ಎಂದು ಮತ್ತೆ ಹಿಂದಕ್ಕೆ ಹೋಗುತ್ತಿದ್ದೇನೆ.)

ಹಸಿರು ವಿಮಾನ ಬರುತ್ತಿದೆ. ಅಕ್ಕನ ಕತ್ತು ಸಿಡಿಯುತ್ತಿದೆ. ಈ ಸಲ ತಲೆ ಎತ್ತು ಎಂದು ಅವಳಿಗೆ ಹೇಳಿದ್ದೇನೆ. ಅವಳು ಎತ್ತಿದ್ದಾಳೆ. ಕಂಬದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿದೆ. ಸದ್ದು ಮೊದಲು ಬಂತು, ಎದೆಯೊಳಗೆ ಬಂತು, ಸುಣ್ಣದ ಪುಡಿ ಮೇಲೆದ್ದಿತು.

ಅವಳ ಕೈ ಹಲಗೆಯ ಹಿಡಿಯ ಮೇಲಿದೆ. ಎತ್ತಿಲ್ಲ, ಬಿಟ್ಟೂ ಇಲ್ಲ. ಆದರೆ ಅವಳು ವಿಮಾನ ನೋಡುತ್ತಿಲ್ಲ. ಅದಕ್ಕಿಂತ ಮೇಲೆ, ನಾನಿರುವ ಕಡೆ ನೋಡುತ್ತಿದ್ದಾಳೆ.

“ನೀವು ಅಷ್ಟು ಎತ್ತರದಲ್ಲಿದೀರಲ್ಲ, ನಿಮಗೆ ಸರಿಯಾಗಿ ಕಾಣುತ್ತೆ. ಒಳಗಾ, ಹೊರಗಾ? ಬೇಗ ಹೇಳಿ.”

ಹೇಳುತ್ತೇನೆ, ಒಂದು ನಿಮಿಷ. ತಲೆ ತಗ್ಗಿಸಿಕೊಂಡು ನಿನ್ನ ಮಾತನ್ನೇ ಬರೆಯುತ್ತಿದ್ದೇನೆ, ಅಕ್ಕಾ. ಇದೊಂದು ಸಾಲು ಮುಗಿಸಿ