ನೋಯದ ಗುಂಡುಸೂಜಿ

ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತರೆ ಭುಜ ಏನಾಗುತ್ತದೆ ಎಂಬುದನ್ನು ಕೂತವರನ್ನೇ ಕೇಳಬೇಕು. ನಮ್ಮ ಟೈಲರ್ ಅಕ್ಕನ ಬಲಭುಜ ಹಿಡಿದುಕೊಂಡಿತೆಂದರೆ ಜಡೆ ಹಾಕಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಮಾಡುವ ಗಂಡನೇ ಜಡೆ ಹಾಕಿಕೊಡುತ್ತಿದ್ದ. ಆ ಜಡೆ ನೋಡಿದ ಗಿರಾಕಿಗಳು, ಇವರ ಹತ್ತಿರ ರವಿಕೆ ಹೊಲಿಸುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುತ್ತಿದ್ದುದು ನಿಜ.

ಪಕ್ಕದ ಬೀದಿಯಲ್ಲಿ ಸಮಗ್ರ ಆರೋಗ್ಯ ಕೇಂದ್ರವಿತ್ತು. ಒಂದೇ ಸೂರಿನಡಿ ಡಾಕ್ಟರು, ಯೋಗ ಕಲಿಸುವ ಮೇಷ್ಟ್ರು, ಎಣ್ಣೆ ಹಚ್ಚಿ ಮೈಕೈ ತಿಕ್ಕುವ, ಎಲ್ಲರೂ ತಂಗಿ ಎನ್ನುವ ಹುಡುಗಿ. ಅಲ್ಲಿ ಒಂದು ಪದ್ಧತಿಯಿತ್ತು. ಮೊದಲ ದಿನ, ಆಮೇಲೆ ತಿಂಗಳಿಗೊಮ್ಮೆ, ನೀವು ನುಂಗುವ, ಕುಡಿಯುವ, ಹಚ್ಚಿಕೊಳ್ಳುವ ಎಲ್ಲವನ್ನೂ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯಬೇಕು. ಮೂವರೂ ನೋಡಿ ಒಂದೇ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದರು.

ಅಕ್ಕ ಮೊದಲ ದಿನ ಸಕ್ಕರೆ ಕಾಯಿಲೆಯ ಮಾತ್ರೆ ಸುರಿದಳು. ಯೋಗ, ಎಣ್ಣೆ ಎರಡೂ ಸೇರಿ ಎರಡು ತಿಂಗಳಲ್ಲಿ ಭುಜ ಸಡಿಲಾಯಿತು. ಜಡೆ ತಾನೇ ಹಾಕಿಕೊಂಡಳು. ಊರಿಗೆಲ್ಲ ಹೇಳಿಕೊಂಡು ಬಂದಳು.

ಎಡವಟ್ಟಾಗಿದ್ದು ಇಲ್ಲೇ. ಒಬ್ಬಳು ಗಿರಾಕಿ ಯಾವುದೋ ಕಹಿ ಪುಡಿಯ ಡಬ್ಬಿ ತಂದುಕೊಟ್ಟು, "ಇದೊಂದಿದ್ರೆ ಸಕ್ಕರೆ ಮಾತ್ರೆ ಯಾಕೆ?" ಎಂದಿದ್ದಳು.

"ರೀ, ಮೈ ಹಗುರಾಗಿದೆ. ಎಲ್ಲೂ ನೋವಿಲ್ಲ. ಮಾತ್ರೆ ಬಿಟ್ಬಿಡ್ಲಾ?" ಅಕ್ಕ ಗಂಡನನ್ನು ಕೇಳಿದಳು.

"ಬಿಡು ಅತ್ಲಾಗೆ. ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗೋದೇ. ನಾನೂ ಬಿಪಿ ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು, ಗುಂಡುಕಲ್ಲಿನ ಹಾಗೆ ಇದ್ದೀನಿ."

"ಕೇಂದ್ರದಲ್ಲಿ ಕೇಳಿದ್ರೆ?"

"ಎಣ್ಣೆ ಹಚ್ಚೋಳಿಗೆ ನಿನ್ನ ಮಾತ್ರೆ ಉಸಾಬರಿ ಯಾಕೆ? ಊಂ ಅಂದ್ರಾಯ್ತು."

ಮುಂದಿನ ಸಲ ಅಕ್ಕ ಚೀಲ ಸುರಿದಾಗ ಮಾತ್ರೆಯ ಸ್ಟ್ರಿಪ್ ಬಿತ್ತು, ಪುಡಿಯ ಡಬ್ಬಿ ಮನೆಯಲ್ಲೇ ಉಳಿಯಿತು. "ದಿನಾ ತಗೋತಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು. "ಊಂ" ಎಂದಳು.

ಮತ್ತೆ ಮೂರು ವಾರ ಕಳೆದವು. ಅಕ್ಕ ಎಣ್ಣೆಯ ಕೋಣೆಯ ಮಂಚದ ಮೇಲೆ ಮಲಗಿದ್ದಳು. ಆ ತಂಗಿಗೆ ಒಂದು ಅಭ್ಯಾಸ. ಸಕ್ಕರೆ ಕಾಯಿಲೆ ಎಂದು ಫೈಲಿನಲ್ಲಿದ್ದರೆ, ಎಣ್ಣೆ ಮುಟ್ಟುವ ಮೊದಲು ಅಂಗಾಲು ನೋಡುತ್ತಿದ್ದಳು. ಅವತ್ತು ಎಡಗಾಲು ಹಿಡಿದವಳು ಹಾಗೇ ನಿಂತಳು.

"ಅಕ್ಕಾ, ಇಲ್ಲಿಗೆ ನಡ್ಕೊಂಡೇ ಬಂದ್ರಾ?"

"ಇನ್ನೇನು, ಪಲ್ಲಕ್ಕೀಲಿ ಬರ್ತೀನಾ?"

"ಏನೂ ಚುಚ್ಚಲಿಲ್ವಾ? ಅಂಗಾಲಲ್ಲಿ ಗುಂಡುಸೂಜಿ ಇದೆ. ನೀಲಿ ತಲೇದು."

"ಅಯ್ಯೋ, ಮೊನ್ನೆಯಿಂದ ಅದನ್ನೇ ಹುಡುಕ್ತಿದ್ದೆ ಕಣೇ!" ಎಂದು ಅಕ್ಕ ನಕ್ಕಳು.

ತಂಗಿ ನಗಲಿಲ್ಲ. ಸೂಜಿಯ ಸುತ್ತ ಚರ್ಮ ಕೆಂಪಗೆ ಬಿಸಿಯಾಗಿತ್ತು. ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, "ಇವತ್ತು ನನ್ನ ಕೆಲಸ ಇಲ್ಲ, ಡಾಕ್ಟ್ರದು. ಕಾಲು ಕೆಳಗಿಡಬೇಡಿ" ಎಂದು ಗಾಲಿ ಕುರ್ಚಿ ತಂದಳು. ಎರಡು ದಿನದಿಂದ ಸೂಜಿ ಕಾಲಲ್ಲಿದ್ದೂ ತನಗೆ ಗೊತ್ತಾಗಲಿಲ್ಲ ಎಂಬುದು ಅಕ್ಕನಿಗೆ ಆಗ ಹೊಳೆಯಿತು. ನಗು ಇಂಗಿತು.

ಡಾಕ್ಟರಮ್ಮ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೂಜಿ ತೆಗೆದರು. ಗಾಯ ತೊಳೆದರು, ಇಂಜೆಕ್ಷನ್ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ನೆತ್ತಿಗೇರಿತ್ತು.

"ನಿಜ ಹೇಳಿ, ನಾನು ಬೈಯಲ್ಲ."

ಅಕ್ಕ ಅತ್ತೇಬಿಟ್ಟಳು. ಮಾತ್ರೆ, ಪುಡಿ, ಗಂಡನ ದೋಣಿ, ಎಲ್ಲ ಹೊರಗೆ ಬಂತು. "ನೋವಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂದ್ಕೊಂಡೆ ಡಾಕ್ಟ್ರೇ."

"ಯೋಗದಿಂದ, ಎಣ್ಣೆಯಿಂದ ಭುಜ ಸರಿಹೋಯ್ತು, ಸಂತೋಷ. ಆದ್ರೆ ಅದು ಮಾತ್ರೆಯ ಕೆಲಸ ಮಾಡಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ರೆ ಕಾಲಿನ ನರ ನಿಧಾನವಾಗಿ ಮಂಕಾಗುತ್ತೆ, ಮಾತ್ರೆ ಬಿಟ್ರೆ ಇನ್ನೂ ಬೇಗ. ಹೋದ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ. ಕಾಲು ಮಾತ್ರ ಉಳಿಸ್ಕೋಬಹುದು. ಇನ್ನೊಂದು ವಾರ ಬಿಟ್ಟಿದ್ರೆ ಆ ಮಾತೂ ಹೇಳೋಕಾಗ್ತಿರಲಿಲ್ಲ."

ಅಷ್ಟರಲ್ಲಿ ಸುದ್ದಿ ತಿಳಿದು ಗಂಡ ಓಡಿಬಂದ. ಅವನಿಗೂ ಡಾಕ್ಟರಮ್ಮ ಹೇಳಿದರು. "ಎರಡು ದೋಣಿ ಅಂದ್ರಂತೆ. ಇಲ್ಲಿರೋದು ಒಂದೇ ದೋಣಿ ಸ್ವಾಮಿ, ಹುಟ್ಟು ಹಾಕೋರು ಮೂವರು. ನೀವು ಮುಚ್ಚಿಟ್ರೆ ತೂತು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ."

ಗಂಡ ಎಣ್ಣೆಯ ತಂಗಿಯ ಕಡೆ ತಿರುಗಿದ. ಇಸ್ತ್ರಿ ಪೆಟ್ಟಿಗೆ ಹಿಡಿದು ಒರಟಾದ ಎರಡೂ ಕೈ ಜೋಡಿಸಿದ. "ನಿನಗ್ಯಾಕೆ ಉಸಾಬರಿ ಅಂದಿದ್ದೆ ತಾಯಿ. ನೀನು ನೋಡದಿದ್ರೆ ಇವಳ ಕಾಲು ಹೋಗ್ತಿತ್ತು."

ಮಾರನೆಯ ದಿನ ಅವನೇ ಬಂದು ಮೇಜಿನ ಮೇಲೆ ಚೀಲ ಸುರಿದ. ಪುಡಿಯ ಡಬ್ಬಿ ಬಿತ್ತು. ಅದರ ಹಿಂದೆಯೇ, ಒಂದೂ ಮಾತ್ರೆ ತೆಗೆಯದ ಬಿಪಿ ಸ್ಟ್ರಿಪ್‌ಗಳೂ ಬಿದ್ದವು. "ಗುಂಡುಕಲ್ಲಿಗೂ ಸ್ವಲ್ಪ ಬಿಪಿ ನೋಡಿ ಡಾಕ್ಟ್ರೇ" ಎಂದ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಈಗ ಅಕ್ಕ ಅಂಗಡಿಯೊಳಗೂ ಚಪ್ಪಲಿ ಬಿಡುವುದಿಲ್ಲ. ದಿನಾ ಸಂಜೆ, ಗಿರಾಕಿಗಳು ಅಳತೆ ನೋಡಿಕೊಳ್ಳುವ ಕನ್ನಡಿಯನ್ನು ಗಂಡ ಬಗ್ಗಿಸಿ ಹಿಡಿಯುತ್ತಾನೆ, ಅವಳು ಎರಡೂ ಅಂಗಾಲು ನೋಡಿಕೊಳ್ಳುತ್ತಾಳೆ. ಕಾಲಿನ ಜೋಮು ಪೂರ್ತಿ ಹೋಗಿಲ್ಲ. ಯೋಗ, ಎಣ್ಣೆ, ಮಾತ್ರೆ ಮೂರೂ ನಡೆದಿವೆ.

ಋಣ ತೀರಿಸುವುದು ಹೇಗೆಂದು ಯೋಚಿಸಿ, ಉಳಿದ ಬಟ್ಟೆ ತುಂಡುಗಳಲ್ಲಿ ಅಕ್ಕ ಐವತ್ತು ಪುಟ್ಟ ಚೀಲ ಹೊಲಿದು ಕೇಂದ್ರಕ್ಕೆ ಕೊಟ್ಟಳು. ಹೊಸಬರಿಗೆಲ್ಲ ಒಂದೊಂದು ಸಿಗುತ್ತದೆ. ಪ್ರತಿ ಚೀಲದ ಮೇಲೂ ಒಂದು ಚುಕ್ಕಿ ನೀಲಿ ದಾರದ ಕಸೂತಿ, ಗುಂಡುಸೂಜಿಯ ತಲೆಯಷ್ಟೇ ದೊಡ್ಡದು.

ಈಗ ನಿಮ್ಮ ಮಾತಿಗೆ ಬರೋಣ. ನೀವು ಯಾರ ಹತ್ತಿರವಾದರೂ ಹೋಗಿ, ಆದರೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಎಲ್ಲರಿಗೂ ಹೇಳಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಸಕ್ಕರೆ ಕಾಯಿಲೆಯಿದ್ದರೆ ದಿನಾ ಅಂಗಾಲು ನೋಡಿಕೊಳ್ಳಿ. ಚೀಲ ಹೊಲಿಸಬೇಕಾಗಿಲ್ಲ, ಮನೆಯಲ್ಲಿರುವುದೇ ಸಾಕು. ಎದ್ದು ತನ್ನಿ, ಎಲ್ಲವನ್ನೂ ಅದರಲ್ಲಿ ಹಾಕಿ. ನಾಚಿಕೆಪಟ್ಟು ಬಚ್ಚಿಟ್ಟ ಡಬ್ಬಿಯನ್ನು ಮೊದಲು ಹಾಕಿ.