ಓಣಿಗೆ ಕೊಟ್ಟ ವೈಫೈ

ಮಾಘಮಾಸದ ಹುಣ್ಣಿಮೆಯ ಆಸುಪಾಸು. ಬಿಳಿಜೋಳ ಕೊಯ್ಲಿಗೆ ಬಿದ್ದ ಕಾಲ. ಹಗಲೆಲ್ಲ ಚುರುಚುರು ಬಿಸಿಲು, ಹೊತ್ತು ಇಳಿದರೆ ಸೆರಗು ಹೊದ್ದುಕೊಳ್ಳುವಷ್ಟು ಥಂಡಿ. ಅವತ್ತು ಸೋಮವಾರ, ದೀಪ ಹಚ್ಚುವ ಹೊತ್ತು. ಕೊಟ್ಟೂರಿನ ಆ ಓಣಿಯ ತುದಿಮನೆಯಲ್ಲಿ ಜೋಗಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ರೊಟ್ಟಿ ಬಡಿಯುವ ಹೊತ್ತೇ ಅದು. ಆದರೆ ಸೊಸೆ ಮಾಲಾ ಕಂಪ್ಯೂಟರ್ ಮುಂದೆ ಕೂತಳೆಂದರೆ ಜೋಗಮ್ಮ ರೊಟ್ಟಿಗೆ ಕೈ ಹಾಕುತ್ತಿರಲಿಲ್ಲ. ಇಲ್ಲಿಯ ಪಟಪಟ ಸದ್ದು ಅಲ್ಲೆಲ್ಲೋ ಕೂತ ಡಾಕ್ಟರ ಕಿವಿಗೆ ಬೀಳುತ್ತದೆ.

ಮಾಲಾಳ ಕೆಲಸ ಅಂಥದ್ದು. ಹಡಗಲಿಯ ತವರಿನಲ್ಲಿ ಅವಳ ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವನ ಜತೆ ಕೈಯಲ್ಲೇ ಮಾತಾಡುತ್ತ ಬೆಳೆದವಳು. ಮುಂದೆ ಅದನ್ನೇ ಓದಿ, ಪಾಸಾಗಿ, ಈಗ ಮನೆಯಲ್ಲೇ ಕೂತು ಸಂಬಳ ತರುತ್ತಾಳೆ. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದರೆ ಅಲ್ಲಿಯ ಪರದೆ ಮೇಲೆ ಮಾಲಾ ಕಾಣಿಸುತ್ತಾಳೆ. ಅವರ ಕೈ ಆಡಿದ್ದನ್ನು ಇವಳ ಬಾಯಿ ಹೇಳಬೇಕು, ಡಾಕ್ಟರ ಬಾಯಿ ಆಡಿದ್ದನ್ನು ಇವಳ ಕೈ ಹೇಳಬೇಕು.

ಅವತ್ತು ಆ ಕಡೆ ಕೂತಿದ್ದವಳು ಹರಪನಹಳ್ಳಿ ಹತ್ತಿರದ ಒಂದು ಹಳ್ಳಿಯ ಮಂಜಮ್ಮ.

"ಡಾಕ್ಟ್ರೇ, ಅವರು ನಿಮ್ಮನ್ನ ಒಂದು ಮಾತು ಕೇಳಬೇಕಂತೆ. ಆಪರೇಷನ್‌ಗೆ ಸಹಿ ಹಾಕೋ ಮುಂಚೆ..." ಎಂದ ಮಾಲಾಳ ದನಿ ಅಲ್ಲಿಗೇ ನಿಂತಿತು. "ಹಲೋ? ಡಾಕ್ಟ್ರೇ, ನಾನು ಕಾಣಿಸ್ತಿದೀನಾ?"

ಜೋಗಮ್ಮ ಮೊರ ಬಿಟ್ಟು ಎದ್ದು ಇಣುಕಿದಳು. ಪರದೆಯ ಮೇಲೆ ಹಸಿರು ಸೀರೆಯ ಹೆಣ್ಣುಮಗಳು ಎರಡೂ ಕೈ ಎದೆ ಮಟ್ಟಕ್ಕೆ ಎತ್ತಿದವಳು ಎತ್ತಿದ ಹಾಗೇ ಕಲ್ಲಾಗಿದ್ದಳು. ಕಣ್ಣುಗಳು ಮಾತ್ರ ಇತ್ತಕಡೆಯೇ ನೋಡುತ್ತಿದ್ದವು. ಆಮೇಲೆ ಅದೂ ಹೋಗಿ ಪರದೆ ಕಪ್ಪಾಯಿತು.

"ಕಟ್ ಆತು ಅತ್ತಿ. ಮತ್ತ ಕಟ್ ಆತು." ಮಾಲಾ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. "ಒಂದು ವಾರ ಆತು, ಸಂಜಿ ಆತಂದ್ರ ಇದ ಹಣೇಬರಹ."

"ಅಕಿ ಏನು ಕೇಳಾಕ ಹತ್ತಿದ್ಲು?"

"ಅದು ಅಕಿ ಮಾತು ಅತ್ತಿ. ನಾ ಹೇಳಂಗಿಲ್ಲ."

ಆ ಉತ್ತರ ಜೋಗಮ್ಮನಿಗೆ ಹಿಡಿಸಿತು. ಮತ್ತೆ ಕೆದಕಲಿಲ್ಲ. ಮಾಲಾ ತಾನೇ ಹೇಳಿದಳು: ಆ ಡಾಕ್ಟರು ಇನ್ನು ಬರುವುದು ಗುರುವಾರ ಸಂಜೆ ಆರಕ್ಕೆ. ಶುಕ್ರವಾರ ಮುಂಜಾನೆ ಮಂಜಮ್ಮನ ಆಪರೇಷನ್. ನಡುವೆ ಇರುವುದು ಅದೊಂದೇ ಸಂಜೆ.

"ಅಕಿ ಕೇಳಿ, ತಿಳಕೊಂಡು, ಆಮ್ಯಾಲ ಸಹಿ ಹಾಕಬೇಕು. ಗುರುವಾರನೂ ಹಿಂಗಾತಂದ್ರ ಮನಿಯವರು ಪೆನ್ನು ಕೈಯಾಗ ಕೊಟ್ಟು ಹಾಕಿಸಿಬಿಡ್ತಾರ."

"ನಿಮ್ಮ ಕಂಪನಿಯಾಗ ಬ್ಯಾರೆ ಯಾರನ್ನಾರ ಕೂಡಿಸಿದ್ರ?"

"ಅಕಿ ಸಾಲಿಗೆ ಹೋದಾಕಿ ಅಲ್ಲತ್ತಿ. ಅಕಿದು ಮನಿ ಕೈಮಾತು, ನನ್ನ ತಮ್ಮಂದು ಇದ್ದಂಗ. ಬ್ಯಾರೆಯವರಿಗೆ ಅರ್ಧನೂ ತಿಳಿಯೂದಿಲ್ಲ."

ಮೊಬೈಲಿನಲ್ಲಿ ಮಾಡೋಣವೆಂದರೆ ಆ ಓಣಿಯಲ್ಲಿ ಸಿಗ್ನಲ್ಲೇ ಇಲ್ಲ. ಮನೆಯೊಳಗೆ ಬಂದರೆ ಫೋನು ಬರೀ ಗಡಿಯಾರ. ಓದು ಬರಹ ಜೋಗಮ್ಮನದು ಹೆಸರು ಬರೆಯುವಷ್ಟು. ಆದರೆ ಒಂದು ಕೆಲಸ ಆಗಬೇಕೆಂದು ಮನಸ್ಸಿಗೆ ಬಂದರೆ ಅದು ಆಗುವ ತನಕ ಅವಳು ಚಾಪೆ ಹಾಸುವವಳಲ್ಲ.

"ಗುರುವಾರಕ್ಕ ಇದು ನೆಟ್ಟಗ ಆಗಬೇಕು. ಆಗತೈತಿ" ಎಂದಳು.

ಮಂಗಳವಾರ ಬೆಳಿಗ್ಗೆ ತಾನೇ ನಡೆದು ಹೋಗಿ ಓಣಿಯ ಬಾಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗುರುಶಾಂತನನ್ನು ಕರೆತಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿದ್ದೇ ತಡ, ಅವನ ಜೇಬಿನ ಫೋನು ಟಿಣ್ ಟಿಣ್ ಎಂದು ಹತ್ತಾರು ಸಲ ಬಡಿದುಕೊಂಡಿತು. ಅದನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ರೂಟರ್ ಗೋಡೆಯ ಮಾಡದಲ್ಲಿ, ಹಿತ್ತಾಳೆ ಕೊಡಗಳ ಹಿಂದೆ ಇತ್ತು. "ಅವ್ವಾರ, ಇದನ್ನೇನು ದೇವರು ಮಾಡಿ ಕುಂದ್ರಿಸೀರಿ? ಲೋಹದ ಹಿಂದ ಇಟ್ರ ಗಾಳಿ ಹೊರಗ ಹೆಂಗ ಬರಬೇಕು?" ಎಂದು ತೆಗೆದು ಎತ್ತರದ ಮೊಳೆಗೆ ನೇತುಹಾಕಿದ. ಆರಿಸಿ, ಸ್ವಲ್ಪ ತಡೆದು, ಮತ್ತೆ ಹಚ್ಚಿದ. ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ ವೈಫೈ ಕಡ್ಡಿಯನ್ನು ಕಿತ್ತು ಮುಂದೆ ಚುಚ್ಚಿದ. ಏನೇನೋ ಹೊಸದಾಗಿ ಇಳಿಸಿಕೊಂಡ. ಆಮೇಲೆ ಎದೆ ಸೆಟೆಸಿ, "ನೋಡ್ರಿ, ಕುದುರಿ ಓಡಿದಂಗ ಓಡತೈತಿ" ಎಂದ.

"ಮುಂಜಾನಿ ಅದು ಯಾವಾಗ್ಲೂ ಓಡತೈತಿಪಾ. ಸಂಜಿಗೆ ಬಾ."

ಸಂಜೆಗೆ ಬಂದ. ಕುದುರೆ ಕುಂಟಿತು. ಬೆಳಿಗ್ಗೆ ಬೀಗಿದ್ದ ಗುರುಶಾಂತ ತಲೆ ಕೆರೆದುಕೊಂಡ. ಗಾಳಿಯದ್ದೇ ದೋಷ ಇರಬೇಕೆಂದು ರೂಟರಿನಿಂದ ಕಂಪ್ಯೂಟರಿಗೆ ನೇರ ವೈರನ್ನೇ ಎಳೆದ. ಅದಕ್ಕೂ ಅದೇ ಹಾಡು; ಅಂಗಡಿಯಿಂದ ತಂದ ಆ ವೈರನ್ನು ಬಿಚ್ಚಿ ಸುತ್ತಿಕೊಂಡ. ಸಿಗ್ನಲ್ ಸಿಗುವ ದೊಡ್ಡ ರಸ್ತೆಗೆ ಹೋಗಿ ನೆಟ್ ಕೊಡುವವರಿಗೆ ಫೋನು ಹಚ್ಚಿ ಬಂದ. ನಮ್ಮ ಕಡೆಯಿಂದ ಪೂರಾ ಬರುತ್ತಿದೆ, ನಿಮ್ಮ ಮನೆ ತನಕ ಸರಿ ಇದೆ ಎಂದರು.

"ಪೂರಾ ಬಂದದ್ದು ಎಲ್ಲಿ ಹೋಗತೈತಿ ಹಂಗಾದ್ರ?" ಎಂದಳು ಜೋಗಮ್ಮ.

"ಅದ ನನಗೂ ತಿಳಿವಲ್ಲದು ಅವ್ವಾರ. ನಾ ಬರ್ತೀನಿ, ಹೊತ್ತಾತು."

"ಚಾ ಇಟ್ಟೀನಿ, ಕುಂದ್ರು. ಗುರುವಾರ ತನಕ ನೀ ನಮ್ಮ ಮನಿ ಆಳು ಅಂತ ತಿಳ್ಕೊ."

"ಊಟನೂ ಹಾಕ್ತೀರೇನು?"

"ನೆಟ್ಟಗ ಮಾಡು, ಹೋಳಿಗಿ ಹಾಕ್ತೀನಿ."

ಬುಧವಾರ ಮೈಲಾರದ ಜಾತ್ರೆ, ಗೊರವಪ್ಪ ಭವಿಷ್ಯ ನುಡಿಯುವ ಕಾರಣಿಕ. ಬೆಳಗಾಗುವುದರೊಳಗೆ ಓಣಿಯ ಜನವೆಲ್ಲ ಟ್ರ್ಯಾಕ್ಟರು, ಬಸ್ಸು, ಸಿಕ್ಕಿದ್ದು ಹತ್ತಿ ಹೋದರು. ಜೋಗಮ್ಮನ ಮಗ ಹುಲುಗೇಶ್ ಬಸ್ ಕಂಡಕ್ಟರು. ಅವನಿಗೂ ಅಲ್ಲಿಯದೇ ಡ್ಯೂಟಿ. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ.

ಅವತ್ತು ಸಂಜೆ ಮಾಲಾ ಪರೀಕ್ಷೆ ಮಾಡಿ ನೋಡಲೆಂದು ಹಡಗಲಿಯ ತಮ್ಮನಿಗೆ ವಿಡಿಯೋ ಹಚ್ಚಿದಳು. ಜೋಗಮ್ಮ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ತಮ್ಮನ ಕೈ ಓಡುತ್ತಿತ್ತು, ಅಕ್ಕನ ಕೈ ಓಡುತ್ತಿತ್ತು. ದೀಪ ಹಚ್ಚುವ ಹೊತ್ತು ಬಂತು, ಹೋಯಿತು. ಒಂದು ಸಲವೂ ಯಾರೂ ಕಲ್ಲಾಗಲಿಲ್ಲ.

ಮಾಲಾ ನಗುತ್ತ, "ಗುರುಶಾಂತಣ್ಣ ಮಾಡಿದ್ದು ಹತ್ತೈತಿ ಅತ್ತಿ" ಎಂದಳು.

ಜೋಗಮ್ಮ ನಗಲಿಲ್ಲ. ಎದ್ದು ಹೊರಗಿನ ಕಟ್ಟೆಗೆ ಬಂದಳು. ಓಣಿ ಬಿಕೋ ಎನ್ನುತ್ತಿತ್ತು, ಬಾಗಿಲಿಗೆಲ್ಲ ಬೀಗ. ದಿನಾ ಈ ಹೊತ್ತಿಗೆ ಒಂದೊಂದು ಕಟ್ಟೆಯ ಮೇಲೂ ಒಂದೊಂದು ಮುಖ ನೀಲಿ ಬೆಳಕಿನಲ್ಲಿ ಹೊಳೆಯುತ್ತಿರುತ್ತದೆ. ಚೌಡಣ್ಣನ ಗಿರಣಿ ಮುಂದೆ ಕ್ರಿಕೆಟ್ಟಿನ ಗದ್ದಲ, ನಾಗಲಿಂಗಮ್ಮನ ಪಡಸಾಲೆಯಲ್ಲಿ ಮೊಮ್ಮಗಳ ಜತೆ ವಿಡಿಯೋ ಮಾತು. ಇವತ್ತು ಅದು ಯಾವುದೂ ಇಲ್ಲ. ಜೋಗಮ್ಮ ಕಂಬ ಹಿಡಿದು ನಿಂತಳು. ಪೂರಾ ಬಂದದ್ದು ಎಲ್ಲಿ ಹೋಗುತ್ತಿತ್ತು ಎನ್ನುವುದು ಈಗ ಅವಳಿಗೆ ತಿಳಿಯಿತು.

ಕೊಟ್ಟವಳು ತಾನೇ. ವೈಫೈ ಹಾಕಿಸಿದ ವಾರವೇ ಚೌಡಣ್ಣ ಬಂದು, "ಜೋಗವ್ವಾ, ಸ್ವಲ್ಪ ನೆಟ್ ಕೊಡವ್ವಾ" ಎಂದಿದ್ದ. ಆಮೇಲೆ ನಾಗಲಿಂಗಮ್ಮ. ಆಮೇಲೆ ಗುರುಶಾಂತ, ಆಮೇಲೆ ಎದುರುಮನೆ, ಹಿಂದಿನ ಮನೆ. ರೂಟರಿನ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್ ಇತ್ತು. ಬಂದವರ ಮುಂದೆ ಜೋಗಮ್ಮ ಡಬ್ಬಿ ಬೋರಲು ಹಾಕುವಳು, ಅವರು ಫೋಟೋ ಹೊಡೆದುಕೊಂಡು ಹೋಗುವರು. ಮಜ್ಜಿಗೆ ಕೇಳಿದರೆ ಇಲ್ಲ ಅನ್ನುತ್ತಾರೇನು? ಹಾಗೆಯೇ ಇದು ಎಂದು ಅವಳ ಲೆಕ್ಕ.

ಅದರ ಕೆಳಗೆ ಇನ್ನೊಂದು ಲೆಕ್ಕವೂ ಇತ್ತು. ಜೋಗಮ್ಮ ಹೊಸದಾಗಿ ಮದುವೆಯಾಗಿ ಬಂದ ಕಾಲಕ್ಕೆ ಈ ಓಣಿಗೆಲ್ಲ ಸಿಹಿನೀರು ಇದ್ದದ್ದು ನಾಗಲಿಂಗಮ್ಮನ ಮನೆಯ ಬಾವಿಯಲ್ಲಿ. ಅದರ ಹಗ್ಗವನ್ನು ಜೋಗಮ್ಮನ ಕೇರಿಯವರು ಮುಟ್ಟುವ ಹಾಗಿರಲಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು, ಸೇದಿ ಮೇಲಿಂದ ಸುರಿಯುವರು. ನಾಗಲಿಂಗಮ್ಮನ ಅತ್ತೆ ಪಡಸಾಲೆಯಿಂದಲೇ, "ನಮ್ಮದು ಮುಗೀಲಿ, ಆಮ್ಯಾಲ ನಿಮ್ಮದು" ಎನ್ನುವಳು. ಮನಸ್ಸಿಲ್ಲದ ದಿನ, "ಹಗ್ಗ ಹರದೈತಿ" ಎನ್ನುವಳು. ಹಗ್ಗ ಎದುರಿಗೇ ತೂಗುತ್ತಿರುತ್ತಿತ್ತು. ಆಮೇಲೆ ಕೇರಿಗೆ ನಲ್ಲಿ ಬಂತು. ಹುಲುಗೇಶನಿಗೆ ನೌಕರಿ ಬಂದು, ಇದೇ ಓಣಿಯ ತುದಿಯಲ್ಲಿ ಮನೆ ಕಟ್ಟಿದರು. ಗೃಹಪ್ರವೇಶದ ದಿನ ಜೋಗಮ್ಮ ಯಾರಿಗೂ ಹೇಳದೆ ಮನಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡಿದ್ದಳು: ಈ ಬಾಗಿಲಿಗೆ ಬಂದು ಕೇಳಿದವರನ್ನು ಕಾಯಿಸಬಾರದು.

ಒಳಗೆ ಬಂದು, "ಮಾಲಾ, ನೆಟ್ಟು ಕೆಟ್ಟಿಲ್ಲ. ನಾನ ಹಂಚಿಬಿಟ್ಟೀನಿ" ಎಂದಳು.

"ಎಷ್ಟು ಮಂದಿಗೆ ಕೊಟ್ಟೀರಿ ಅತ್ತಿ?"

"ಕೇಳಿದವರಿಗೆಲ್ಲ."

ಮಾಲಾ ಮೊದಲು ನಕ್ಕಳು, ಆಮೇಲೆ ತಲೆ ಹಿಡಿದುಕೊಂಡಳು. ಅತ್ತೆ ಯಾಕೆ ಕೊಟ್ಟಳೆನ್ನುವುದು ಅವಳಿಗೆ ಗೊತ್ತಿತ್ತು. ಬಾವಿಯ ಕಥೆ ಹುಲುಗೇಶನ ಬಾಯಲ್ಲಿ ಕೇಳಿದ್ದಳು. ಅದಕ್ಕೇ ದನಿ ತಗ್ಗಿಸಿ, "ಮುಚ್ಚಬೇಕಾಗತೈತಿ ಅತ್ತಿ" ಎಂದಳು.

"ಮುಚ್ಚಬೇಕು" ಎಂದಳು ಜೋಗಮ್ಮ.

ಗುರುವಾರ ಬೆಳಿಗ್ಗೆ ಗುರುಶಾಂತ ವಿಷಯ ಕೇಳಿ ನಾಲಿಗೆ ಕಚ್ಚಿಕೊಂಡ. ಸಂಜೆ ಎದುರಿನ ಕಟ್ಟೆಯ ಮೇಲೆ ಕೂತು ಅವನು ಸಿನಿಮಾ ನೋಡುತ್ತಿದ್ದದ್ದೂ ಇದೇ ನೆಟ್ಟಿನಲ್ಲಿ; ಮೊನ್ನೆ ಒಳಗೆ ಕಾಲಿಟ್ಟೊಡನೆ ಅವನ ಫೋನು ಟಿಣ್ ಟಿಣ್ ಎಂದದ್ದೂ ಅದಕ್ಕೇ. "ಒಂದು ದಾರಿ ಐತಿ ಅವ್ವಾರ. ಇದೊಂದ ರೂಟರಿನಾಗ ಎರಡು ಹೆಸರು ಮಾಡ್ತೀನಿ. ಹಳೇ ಹೆಸರು ಓಣಿಗೆ ಇರಲಿ, ಅದು ಸಂಜಿ ಐದಕ್ಕ ಮುಚ್ಚಿ ಏಳಕ್ಕ ತಾನ ತೆರೀತೈತಿ. ಹೊಸಾ ಹೆಸರು ಮಾಲಾ ಮೇಡಂ ಒಬ್ಬರಿಗೆ. ಕೇಳಿದವರಿಗೆ ರೂಟರ್ ಕೆಟ್ಟೈತಿ ಅಂದುಬಿಡ್ರಿ, ಮುಗೀತು."

"ಹಗ್ಗ ಹರದೈತಿ ಅಂದಂಗ" ಎಂದಳು ಜೋಗಮ್ಮ.

"ಯಾವ ಹಗ್ಗ?"

"ನೀ ಮಾಡೂದು ಮಾಡಪಾ. ನಾ ಹೋಗಿ ಹೇಳಿ ಬರ್ತೀನಿ."

ಚೌಡಣ್ಣ ಗಿರಣಿಯಲ್ಲಿ ಹಿಟ್ಟು ಮೆತ್ತಿದ ಹುಬ್ಬು ಎತ್ತಿ ಕೇಳಿದ. "ಏನವ್ವಾ, ಕೊಟ್ಟದ್ದು ಕಸಕೊಳ್ಳಾಕ ಬಂದ್ಯಾ?"

"ಹೌದು, ಎರಡು ತಾಸಿನ ಮಟ್ಟಿಗೆ ಕಸಕೊಳ್ಳಾಕ ಬಂದೀನಿ. ಕದ್ದು ಮುಚ್ಚಬಾರದು ಅಂತ ಮೊದಲ ಹೇಳಾಕ ಬಂದೀನಿ."

"ಆಗಲೇಳವ್ವಾ. ಈಗ ನಿಮ್ಮ ಕಾಲ."

"ಕಾಲ ಯಾರದರ ಇರಲಿ. ಸಂಜಿ ಐದರಿಂದ ಏಳು ನಮ್ಮದು."

ಮನೆಮನೆಗೂ ಹೋದಳು. ಕೆಲವರು ಹೂಂ ಅಂದರು, ಕೆಲವರು ಮುಖ ಊದಿಸಿದರು. ನಾಗಲಿಂಗಮ್ಮನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಆ ಬಾವಿ ಈಗ ಇಲ್ಲ, ಮೇಲೆ ಬಂಡೆ ಎಳೆದಿದ್ದಾರೆ. ನಾಗಲಿಂಗಮ್ಮ ಅದೇ ಬಂಡೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬಾ ಜೋಗವ್ವಾ, ಕುಂದ್ರು. ನಿನ್ನಿ ಮೈಲಾರದಾಗ ಕಾಲಿಡಾಕ ಜಾಗ ಇರಲಿಲ್ಲ ನೋಡು."

ಜೋಗಮ್ಮ ಕೂರಲಿಲ್ಲ. "ನಾಗಲಿಂಗಕ್ಕ, ಇವತ್ತಿನಿಂದ ಸಂಜಿ ಐದರಿಂದ ಏಳರ ತನಕ ನೆಟ್ಟು ಬರೂದಿಲ್ಲ. ಕಿವಿ ಕೇಳದ ಹೆಣ್ಣುಮಗಳು ಒಬ್ಬಾಕಿ ಡಾಕ್ಟ್ರ ಕೂಡ ಮಾತಾಡಬೇಕು, ನಮ್ಮ ಮಾಲಾ ಮಾತಾಡಿಸ್ತಾಳ. ನಮ್ಮದು ಮುಗೀಲಿ, ಆಮ್ಯಾಲ ನಿಮ್ಮದು."

ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಕೇಳಿಸಿತು. ನಾಗಲಿಂಗಮ್ಮನ ಸುಣ್ಣದ ಬೆರಳು ಎಲೆಯ ಮೇಲೇ ನಿಂತಿತು.

"ಇದನ್ನ ಹೇಳಾಕ ಇಷ್ಟು ವರ್ಷ ಕಾದಿದ್ದೇನು?"

"ಇಲ್ಲಕ್ಕ. ಹೇಳಬಾರದು ಅಂತ ಕಾದಿದ್ದೆ. ಹೇಳೂ ಹಂಗಾತು."

"ಅವಾಗ ಅಂದಾಕಿ ನಮ್ಮತ್ತಿ. ನಾ ಬರೇ ಹಗ್ಗ ಹಿಡದಾಕಿ."

"ಹೌದು. ಹಗ್ಗ ಹಿಡದಾಕಿ ನೀನು."

ಎಲ್ಲೋ ಒಂದು ಮನೆಯಲ್ಲಿ ಕುಕ್ಕರ್ ಕೂಗಿತು. ನಾಗಲಿಂಗಮ್ಮ ಎಲೆ ಮಡಿಚಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಮೊಮ್ಮಗಳು ಆರಕ್ಕ ವಿಡಿಯೋ ಮಾಡ್ತಾಳ. ಅದೊಂದ ನನಗ ದಿನಾ ಇರೂದು."

"ಏಳಕ್ಕ ಮಾಡು ಅನ್ನಕ್ಕ."

"ಕಾಯಬೇಕೇನು ಹಂಗಾದ್ರ?"

"ಕಾಯಬೇಕು."

ನಾಗಲಿಂಗಮ್ಮ ಮತ್ತೆ ಕೂರು ಅನ್ನಲಿಲ್ಲ. ಜೋಗಮ್ಮ ತಿರುಗಿ ನಡೆದಳು. ಗೆದ್ದ ಹಿಗ್ಗು ಇರಲಿಲ್ಲ. ಆದರೂ ಹೆಜ್ಜೆ ನಿಧಾನ ಮಾಡಲಿಲ್ಲ.

ಐದಕ್ಕೆ ಸರಿಯಾಗಿ ಗುರುಶಾಂತನ ಫೋನಿನ ನೆಟ್ ಹೋಯಿತು. "ಮುಚ್ಚಿತು ನೋಡ್ರಿ!" ಎಂದು ಕುಣಿದ. ಅಷ್ಟರಲ್ಲಿ ಮಾಲಾ ಕೂಗಿದಳು. "ಅಣ್ಣಾ, ನನ್ನದೂ ಹೋತು!"

ಮೂವರೂ ಪರದೆಗೆ ಮುಗಿಬಿದ್ದರು. ಗುರುಶಾಂತ ರೂಟರ್ ಆರಿಸಿ ಹಚ್ಚಿದ, ಕಡ್ಡಿ ಕಿತ್ತು ಚುಚ್ಚಿದ. ಹೊಸ ಹೆಸರಿಗೆ ಕೂಡಿಸಿದರೆ ಕೂಡಿಕೊಳ್ಳುತ್ತಿತ್ತು, ಅಷ್ಟರಲ್ಲೇ ಬಿಟ್ಟು ಹಳೆಯದರ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಗುರುಶಾಂತ ಮತ್ತೆ ಮತ್ತೆ ಅದನ್ನೇ ಒತ್ತತೊಡಗಿದ. ಮಾಲಾ ಅವನನ್ನು ಎಬ್ಬಿಸಿ ತಾನು ಕೂತಳು. ಒಂದೊಂದೇ ತೆರೆದು ಓದುತ್ತ ಹೋದಳು.

"ಅತ್ತಿ, ಇದು ಹಳೇ ಹೆಸರನ್ನ ನೆನಪು ಇಟ್ಟುಕೊಂಡೈತಿ. ಅದಕ್ಕ ಅಲ್ಲಿಗೇ ಓಡತೈತಿ. ಇಲ್ಲಿ 'ಮರೆತುಬಿಡು' ಅಂತ ಒಂದು ಐತಿ."

"ಒತ್ತು" ಎಂದಳು ಜೋಗಮ್ಮ. "ಪುಣ್ಯವಂತ ಮಷೀನು, ಒಂದು ಸಲ ಒತ್ತಿದ್ರ ಮರೀತೈತಿ."

ಮಾಲಾ ಒತ್ತಿದಳು. ಹೊಸ ಹೆಸರಿಗೆ ಕೂಡಿಸಿದಳು. ಈ ಸಲ ಬಿಡಲಿಲ್ಲ.

ಆರಕ್ಕೆ ಕರೆ ಬಂತು. ಪರದೆಯ ಮೇಲೆ ಅದೇ ಹಸಿರು ಸೀರೆ, ಪಕ್ಕದಲ್ಲಿ ಅವಳ ಮನೆಯವರ ಪೈಕಿ ಒಬ್ಬ ಗಂಡಸು, ಎದುರಿಗೆ ಡಾಕ್ಟರು. ಜೋಗಮ್ಮ ಗುರುಶಾಂತನ ತೋಳು ಹಿಡಿದು ಹೊರಗೆ ಕಳಿಸಿ, ತಾನೂ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಆ ಮಾತು ತನ್ನದಲ್ಲ, ಕಿವಿಗೆ ಬೀಳಬಾರದು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಸೊಸೆಯ ಬೆನ್ನು, ಅದರ ಆಚೆ ಪರದೆಯ ಮೇಲೆ ಆಡುವ ಕೈಗಳು. ಜೋಗಮ್ಮನ ಕಣ್ಣು ಆ ಕೈಗಳ ಮೇಲೇ ಇತ್ತು. ನಿಂತವೇ? ಇಲ್ಲ. ಆಡುತ್ತಿವೆ. ಒಮ್ಮೆ ಡಾಕ್ಟರು ಬಹಳ ಹೊತ್ತು ಮಾತಾಡಿದರು, ಮಾಲಾಳ ಕೈ ಬಿಡದೆ ಹೇಳುತ್ತ ಹೋಯಿತು. ಮಂಜಮ್ಮ ಕತ್ತು ಮುಂದೆ ಚಾಚಿ ಕೈಯಲ್ಲೇ ಪ್ರಶ್ನೆ ಕೇಳಿದಳು, ಮತ್ತೆ ಕೇಳಿದಳು, ಮೂರನೆಯ ಸಲವೂ ಕೇಳಿದಳು. ಹಿತ್ತಲಲ್ಲಿ ಕತ್ತಲು ಇಳಿಯಿತು. ಕೈಗಳು ನಿಲ್ಲಲಿಲ್ಲ.

ಆಮೇಲೆ ಪಕ್ಕದ ಗಂಡಸು ಕಾಗದ ಸರಿಸಿ ಪೆನ್ನು ಮುಂದೆ ಹಿಡಿದ. ಮಂಜಮ್ಮ ಪೆನ್ನನ್ನು ನೋಡಿದಳು, ಅವನ ಮುಖ ನೋಡಿದಳು. ಎರಡು ಬೆರಳಲ್ಲಿ ಅದನ್ನು ಮೆಲ್ಲಗೆ ಮೇಜಿನ ಆ ತುದಿಗೆ ತಳ್ಳಿದಳು. ಡಾಕ್ಟರು ಆಗಲಿ ಎನ್ನುವಂತೆ ತಲೆ ಆಡಿಸಿದರು. ಮಂಜಮ್ಮ ಪರದೆಯ ಕಡೆ ತಿರುಗಿ ಮಾಲಾಳಿಗೆ ಕೈಯಲ್ಲಿ ಏನೋ ಹೇಳಿದಳು, ಮಾಲಾ ಎದೆಗೆ ಕೈ ಮುಟ್ಟಿಸಿಕೊಂಡಳು. ಗಂಡಸು ಇನ್ನೂ ಕೂತೇ ಇದ್ದ. ಅವನಿಗಾಗಿ ನಿಲ್ಲದೆ ಮಂಜಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ಮರುದಿನದ ಆಪರೇಷನ್ನಿಗೆ ಸಹಿ ಹಾಕದೆ ಎದ್ದು ಹೋದಳು.