ಪಟ್ಟಿ ಕಟ್ಟಿದಾಗ ಮಾತಾಡಬಾರದು

ಶಂಕ್ರೆಪ್ಪನವರು ಲಿಫ್ಟಿನ ಬಾಗಿಲಲ್ಲಿ ನಿಂತಿದ್ದಾರೆಂದರೆ ಬಿಲ್ಡಿಂಗಿನ ಜನರಿಗೆ ಒಮ್ಮೆಲೇ ವ್ಯಾಯಾಮದ ಮೇಲೆ ಪ್ರೀತಿ ಹುಟ್ಟುತ್ತಿತ್ತು. ನಾಲ್ಕನೇ ಮಹಡಿಯವರೂ ಮೆಟ್ಟಿಲು ಹತ್ತಿಬಿಡುತ್ತಿದ್ದರು.

ಶಂಕ್ರೆಪ್ಪ ಕೆಟ್ಟ ಮನುಷ್ಯರೇನಲ್ಲ. ವಿಜಯಪುರದ ಕಡೆಯ ಲಿಂಗಾಯತರು. ಮುಂಬೈಯ ಅಂಚೆ ಕಚೇರಿಯಲ್ಲಿ ಮೂವತ್ತೇಳು ವರ್ಷ ಪತ್ರ ವಿಂಗಡಿಸಿ ನಿವೃತ್ತರಾಗಿ, ಗೋರೆಗಾಂವ್ ಪೂರ್ವದ ಈ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಹೆಂಡತಿ ರಾಚವ್ವನ ಜೊತೆಗಿದ್ದರು. ಅವರಿಗೆ ಮನುಷ್ಯರ ಮೇಲೆ ಅಪಾರ ಮರುಕ. ಶರಣರು ಎಲ್ಲವನ್ನೂ ಇಷ್ಟು ಸರಳ ಮಾಡಿ ಹೇಳಿಟ್ಟಿರುವಾಗ ಈ ಜನ ತಿಳಿಯದೆ ಒದ್ದಾಡುತ್ತಿದ್ದಾರಲ್ಲ ಎಂದು ಕನಿಕರಪಟ್ಟು, ಸಿಕ್ಕವರಿಗೆಲ್ಲ ಕಾಯಕ ಎಂದರೇನು, ದಾಸೋಹ ಎಂದರೇನು, ಅಂಗೈಯ ಲಿಂಗ ಎಂದರೇನು ಎಂದು ವಿವರಿಸುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ಉಳಿದವರಿಗೆ ಹಿಂದಿಯಲ್ಲಿ. ಒಂದನೇ ಮಹಡಿಯ ಬ್ಯಾಂಕ್ ನೌಕರ ಚೇತನ ಅವರನ್ನು ಕಂಡ ಕೂಡಲೇ ಮೊಬೈಲು ಕಿವಿಗಿಟ್ಟುಕೊಂಡು ‘ಹಾಂ ಹಾಂ’ ಎನ್ನುತ್ತ ಸರಿದುಹೋಗುತ್ತಿದ್ದ. ಒಂದು ದಿನ ಕಿವಿಗಿಟ್ಟ ಮೊಬೈಲೇ ಟಣಟಣ ಎಂದು ರಿಂಗಾಯಿತು. ಶಂಕ್ರೆಪ್ಪನವರು ಅವನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.

ಜೂನ್ ತಿಂಗಳಲ್ಲಿ ಎದುರಿನ ಮನೆಗೆ ಜುಲಿಯಾನಾ ಕ್ರಾಸ್ತಾ ಬಂದರು. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಮೊದಲ ದಿನವೇ ಶಂಕ್ರೆಪ್ಪನವರು ಬಾಗಿಲಲ್ಲಿ ನಿಂತು ಕೇಳಿದರು.

“ಸಿಸ್ಟರ್, ಕನ್ನಡ ಬರ್ತದೇನ್ರಿ ನಿಮಗ?”

“ಯಾಕೆ ಬರುದಿಲ್ಲ ಮಾರಾಯ್ರೇ? ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.”

ಶಂಕ್ರೆಪ್ಪನವರಿಗೆ ಬೆಳಕು ಮೂಡಿದಂತಾಯಿತು. ಹಿಂದಿ ಮರಾಠಿಗಳಲ್ಲಿ ಸೊರಗಿಹೋಗಿದ್ದ ಅವರ ಮಾತಿಗೆ ಕೊನೆಗೂ ಕನ್ನಡದ ಎರಡು ಕಿವಿ ಸಿಕ್ಕಿದ್ದವು. ಜುಲಿಯಾನಾ ಕೂಡ ಬಹುಕಾಲದಿಂದ ಅಂಥವೇ ಎರಡು ಕಿವಿ ಹುಡುಕುತ್ತಿದ್ದರೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಮುಂದಿನ ವಾರ ಡಾಕ್ಟರು ಶಂಕ್ರೆಪ್ಪನವರ ಬಿಪಿ ಹೆಚ್ಚಾಗಿದೆ, ವಾರಕ್ಕೊಮ್ಮೆ ನೋಡಿಸಿಕೊಳ್ಳಿ ಎಂದರು. ಕ್ಲಿನಿಕ್ಕಿಗೆ ಯಾಕೆ ಹೋಗುವುದು, ನಾನಿದ್ದೇನಲ್ಲ ಎಂದು ಜುಲಿಯಾನಾ ಬುಧವಾರ ಬೆಳಿಗ್ಗೆ ಮಷೀನು ಹಿಡಿದುಕೊಂಡು ಬಂದರು. ಶಂಕ್ರೆಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದರು. ಶಂಕ್ರೆಪ್ಪನವರು ಇದೇ ಹೊತ್ತೆಂದು ಗಂಟಲು ಸರಿಮಾಡಿಕೊಂಡು, “ಸಿಸ್ಟರ್, ಈ ಕಾಯಕ ಅಂತಾರಲ್ಲ…” ಎಂದರು.

“ಮಾತಾಡ್ಲಿಕ್ಕೆ ಇಲ್ಲ,” ಎಂದರು ಜುಲಿಯಾನಾ. “ಮಾತಾಡಿದ್ರೆ ಹತ್ತು ಪಾಯಿಂಟ್ ಹೆಚ್ಚು ತೋರಿಸ್ತದೆ. ಮೊದಲು ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ.”

ಶಂಕ್ರೆಪ್ಪನವರು ಬಾಯಿ ಮುಚ್ಚಿದರು. ಜುಲಿಯಾನಾ ಎದುರಿಗೆ ಸ್ಟೂಲು ಎಳೆದುಕೊಂಡು, ಕೈಗಡಿಯಾರ ನೋಡಿ, ನಿಧಾನವಾಗಿ ತಮ್ಮ ಇಗರ್ಜಿಯ ವಿಷಯ ಶುರುಮಾಡಿದರು. ಪ್ರಾರ್ಥನೆ ಹೇಗೆ ಮಾಡುತ್ತಾರೆ, ಯೇಸುಸ್ವಾಮಿ ಕ್ಷಮೆಯ ಬಗ್ಗೆ ಏನು ಹೇಳಿದರು, ಅದು ತಮ್ಮ ಬದುಕಿನಲ್ಲಿ ಹೇಗೆ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ. ಐದು ನಿಮಿಷ ಹತ್ತಾಯಿತು. ಮಷೀನು ಒತ್ತಿದರೆ ನೂರೈವತ್ತಾರು ತೋರಿಸಿತು.

“ಜಾಸ್ತಿ ಉಂಟು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುವ. ಸುಮ್ಮನೆ ಕೂತ್ಕೊಳ್ಳಿ.”

ಮತ್ತೆ ಹತ್ತು ನಿಮಿಷ. ಎರಡನೇ ಸಲ ನೂರ ಅರವತ್ತೆರಡು. ಮೂರನೇ ಸಲದ ಹೊತ್ತಿಗೆ ಶಂಕ್ರೆಪ್ಪನವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಜುಲಿಯಾನಾ ಹೇಳುತ್ತಿದ್ದ ಒಂದೊಂದು ಮಾತಿಗೂ ಅವರೊಳಗೆ ಒಂದೊಂದು ಉತ್ತರ ಸಿದ್ಧವಾಗಿ, ಹೊರಬರಲು ದಾರಿಯಿಲ್ಲದೆ ಗಂಟಲಲ್ಲಿ ಸಾಲು ನಿಂತಿತ್ತು. ಮರೆತುಹೋಗದಿರಲೆಂದು ಪಟ್ಟಿ ಕಟ್ಟದ ಕೈಯ ಬೆರಳು ಮಡಚುತ್ತ ಅವನ್ನು ಎಣಿಸಿಕೊಳ್ಳುತ್ತಿದ್ದರು. ಬೆರಳು ಸಾಲದಾದವು. ಚಹಾ ತಂದ ರಾಚವ್ವ ಗಂಡನ ಕೈಯನ್ನೂ ಮುಖವನ್ನೂ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಹೀಗೆ ನಾಲ್ಕು ಬುಧವಾರ ಕಳೆದವು. ಪಟ್ಟಿ ಬಿಚ್ಚುವುದೇ ತಡ, ಜುಲಿಯಾನಾ “ನನ್ನದು ಒಲೆ ಮೇಲೆ ಉಂಟು” ಎಂದು ಎದ್ದುಹೋಗುತ್ತಿದ್ದರು.

“ಇದು ಮೋಸ ಅದ,” ಎಂದರು ಶಂಕ್ರೆಪ್ಪ.

“ಅವರು ಏನು ಹೇಳಿದ್ರು ಇವತ್ತ?” ಎಂದು ರಾಚವ್ವ ಕೇಳಿದಳು.

“ಏನರ ಹೇಳ್ಲಿ, ಉತ್ತರ ನನ್ನ ಕಡೆ ಅದ.”

ಜುಲೈ ಕೊನೆಗೆ ಶಂಕ್ರೆಪ್ಪನವರಿಗೂ ಒಂದು ಅವಕಾಶ ಬಂತು. ಜುಲಿಯಾನಾಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೂರು ಬಗೆಯ ಡ್ರಾಪ್ಸ್. ಒಂದು ಹಾಕಿ ಐದು ನಿಮಿಷ ಕಣ್ಣು ಮುಚ್ಚಿ ಮಲಗಬೇಕು, ಆಮೇಲೆ ಇನ್ನೊಂದು. ದಿನಕ್ಕೆ ನಾಲ್ಕು ಸಲ. ಹಾಕಲು ರಾಚವ್ವ ಒಪ್ಪಿಕೊಂಡಿದ್ದಳು. ಮೊದಲ ದಿನ ಅವಳು ಹೊರಡುವಷ್ಟರಲ್ಲಿ ಶಂಕ್ರೆಪ್ಪನವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿದ್ದರು.

“ನೀವ್ಯಾಕ ಬರ್ತೀರಿ?”

“ನೆರೆಹೊರಿಯವರು ಅಂದ್ಮ್ಯಾಲ ಹೋಗಬೇಕಲ್ಲ.”

ರಾಚವ್ವ ಮೊದಲ ಹನಿ ಬಿಟ್ಟಳು. ಜುಲಿಯಾನಾ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದರು. ಶಂಕ್ರೆಪ್ಪನವರು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ಸಿಸ್ಟರ್, ಈಗ ನೀವು ಮಾತಾಡಬಾರದು. ಮಾತಾಡಿದ್ರ ಮುಖ ಅಲಗತದ, ಔಷಧ ಎಲ್ಲಾ ಹೊರಗ ಹರೀತದ.”

ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಹೆಂಗಸಿಗೆ ಈ ವೈದ್ಯಶಾಸ್ತ್ರ ಎಲ್ಲಿಯದೆಂದು ಗೊತ್ತಾಗದೆ ಇರಲಿಲ್ಲ. ತುಟಿಯ ತುದಿ ಒಂದಿಷ್ಟು ಅಲುಗಿತು. ಆದರೂ ಅವರು ಕಣ್ಣು ಮುಚ್ಚಿಕೊಂಡೇ ಮಲಗಿದ್ದರು.

ಆ ಎಂಟು ದಿನ ಶಂಕ್ರೆಪ್ಪನವರ ಪಾಲಿಗೆ ಹಬ್ಬ. ಹದಿನೈದು ನಿಮಿಷಕ್ಕೊಂದು ಕಂತಿನಂತೆ ದಿನಕ್ಕೆ ನಾಲ್ಕು ಕಂತು. ಕಾಯಕ ಮುಗಿಸಿ ದಾಸೋಹಕ್ಕೆ ಬಂದರು, ದಾಸೋಹ ಮುಗಿಸಿ ಇಷ್ಟಲಿಂಗಕ್ಕೆ. ನಡುನಡುವೆ ತಮ್ಮ ಅಂಚೆ ಕಚೇರಿಯ ಅನುಭವಗಳು. ಯಾರೂ ಮೆಟ್ಟಿಲು ಹತ್ತಿ ಓಡುವ ಹಾಗಿರಲಿಲ್ಲ, ಮೊಬೈಲು ಕಿವಿಗಿಡುವ ಹಾಗಿರಲಿಲ್ಲ. ಮನೆಗೆ ಮರಳುವಾಗ ಅವರು ಸಣ್ಣಗೆ ಶಿಳ್ಳೆ ಹಾಕಿದ್ದನ್ನು ರಾಚವ್ವ ಮದುವೆಯಾದ ಮೇಲೆ ಮೊದಲ ಸಲ ಕೇಳಿದಳು.

ಒಂಬತ್ತನೇ ದಿನ ಕೊನೆಯ ಹನಿಯ ಹೊತ್ತು ಮುಗಿದ ಮೇಲೆ ಜುಲಿಯಾನಾ ಎದ್ದು ಕೂತು, ಕರಿ ಕನ್ನಡಕ ಹಾಕಿಕೊಂಡರು.

“ಶಂಕ್ರೆಪ್ಪನವರೇ, ಒಂದು ಪರೀಕ್ಷೆ ಮಾಡುವ. ನಾನು ಬುಧವಾರಗಳಲ್ಲಿ ಹೇಳಿದ್ದನ್ನು ನೀವು ಹೇಳಿ. ನೀವು ಇಲ್ಲಿ ಹೇಳಿದ್ದನ್ನು ನಾನು ಹೇಳ್ತೇನೆ.”

ಶಂಕ್ರೆಪ್ಪನವರು ಉತ್ಸಾಹದಿಂದ ಮುಂದೆ ಸರಿದು ಕೂತರು. “ನೀವು ಹೇಳಿದ್ದೇನು, ದೇವರು ಮೂರು ಮಂದಿ, ಆದ್ರೂ ಒಬ್ಬನೇ ಅಂತ. ಅದಕ್ಕ ನನ್ನ ಪ್ರಶ್ನೆ ಏನಂದ್ರ…”

“ನಾನು ಹಾಗೆ ಹೇಳಲೇ ಇಲ್ಲ.”

“ಹೇಳಿದ್ರಿ.”

“ಇಲ್ಲ ಮಾರಾಯ್ರೇ. ಅದಕ್ಕೆ ನಿಮ್ಮ ಹತ್ರ ಉತ್ತರ ರೆಡಿ ಇತ್ತು. ಹಾಗಾಗಿ ನಾನು ಹೇಳಿದೆ ಅಂತ ಮಾಡಿಕೊಂಡ್ರಿ.”

ಶಂಕ್ರೆಪ್ಪನವರು ಹೆಂಡತಿಯ ಕಡೆ ನೋಡಿದರು. ರಾಚವ್ವ ಔಷಧದ ಬಾಟಲಿಯ ಮುಚ್ಚಳ ತಿರುಗಿಸುತ್ತ, ಮುಖ ಎತ್ತದೆ ಹೇಳಿದಳು.

“ಅವರ ಅತ್ತಿಗಿ ಬಗ್ಗೆ ಹೇಳಿದ್ರು. ಅಣ್ಣನ ಹೆಂಡತಿ, ಬೆನೆಡಿಕ್ಟಾ. ತಾಯಿ ಸತ್ತಾಗ ಇವರಿಗೆ ತಿಳಿಸದ ಮಣ್ಣು ಮಾಡಿಬಿಟ್ಟಳಂತ. ಹನ್ನೊಂದು ವರ್ಷದಿಂದ ಪ್ರತಿ ರವಿವಾರ ಇಗರ್ಜಿಗೆ ಹೋಗಿ ಆಕಿನ್ನ ಕ್ಷಮಾ ಮಾಡಿ ಬರ್ತಾರ. ಮಂಗಳವಾರ ಆಕಿ ಫೋನ್ ಬರ್ತದ. ದನಿ ಕೇಳಿದ ಕೂಡಲೆ ಮತ್ತ ಸಿಟ್ಟು ಬರ್ತದಂತ. ಅದಕ್ಕ ಬುಧವಾರ ನಮ್ಮ ಮನಿಗೆ ಬಂದಾಗ ಅದೇ ಹೇಳ್ತಿದ್ರು.”

ನಾಲ್ಕು ಬುಧವಾರ ಮೊಳಕೈ ದೂರದಲ್ಲಿ ಕೂತು ಒಬ್ಬ ಹೆಂಗಸು ತನ್ನ ತಾಯಿಯ ಮುಖ ಕಡೆಗೊಮ್ಮೆ ನೋಡಲಾಗದ ಸಂಕಟ ಹೇಳಿಕೊಂಡಿದ್ದಾಳೆ, ತಾವು ಬೆರಳು ಮಡಚುತ್ತ ಕೂತಿದ್ದರು. ಶಂಕ್ರೆಪ್ಪನವರ ಕಿವಿ ಬಿಸಿಯಾದವು.

“ಈಗ ನನ್ನ ಸರದಿ,” ಎಂದರು ಜುಲಿಯಾನಾ. “ವಿಳಾಸ ಸರಿಯಿಲ್ಲದ ಪತ್ರಗಳನ್ನು ನೀವು ವಾಪಸ್ ಕಳಿಸ್ತಾ ಇರಲಿಲ್ಲ. ಡ್ಯೂಟಿ ಮುಗಿದ ಮೇಲೆ ಅಂಧೇರಿಯ ಚಾಳು, ವಠಾರಗಳಲ್ಲಿ ತಿರುಗಿ ಹುಡುಕಿ ಕೊಡ್ತಾ ಇದ್ರಿ. ಯಾರೂ ಹೇಳದಿದ್ದರೂ ಮಾಡುವ ಆ ಕೆಲಸವೇ ನಿಮಗೆ ಪೂಜೆ. ಅದಕ್ಕೆ ಕಾಯಕ ಅಂತ ಹೆಸರು. ಸರಿ ಉಂಟಾ?”

“ಸರಿ ಅದ,” ಎಂದರು ಶಂಕ್ರೆಪ್ಪ. ಅವರ ದನಿ ಸಣ್ಣದಾಗಿತ್ತು. ಇಷ್ಟು ವರ್ಷ ಹೇಳುತ್ತ ಬಂದದ್ದನ್ನು ಇನ್ನೊಬ್ಬರ ಬಾಯಿಂದ ಮರಳಿ ಕೇಳುವುದು ಅವರಿಗೆ ಇದೇ ಮೊದಲು.

“ಒಂದು ಮಾತ್ರ ಅರ್ಥ ಆಗ್ಲಿಲ್ಲ. ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ನೋಡ್ತೀರಿ ಅಂದ್ರಲ್ಲ, ಆಗ ಎಂತ ಕಾಣ್ತದೆ?”

“ಅದು ನೋಡ್ರಿ, ಅಂಗ ಲಿಂಗ ಎರಡೂ ಒಂದಾಗೂದಂದ್ರ…”

“ಅದು ಕೇಳಿ ಆಯ್ತು, ಮೂರನೇ ದಿನ. ನಿಮಗೆ ಎಂತ ಕಾಣ್ತದೆ ಅಂತ ಕೇಳಿದೆ.”

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳುವಷ್ಟು ಹೊತ್ತು ಯಾರೂ ನಿಂತಿರಲಿಲ್ಲ. ಶಂಕ್ರೆಪ್ಪನವರು ಎಡ ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟು, ಅದನ್ನೇ ನೋಡುತ್ತ ಕೂತರು.

“ಖರೇ ಹೇಳ್ತೀನ್ರಿ, ನಗಬ್ಯಾಡ್ರಿ,” ಎಂದರು ಕೊನೆಗೆ. “ನೌಕರಿ ಇರೂತನ ಎಂಟು ಹತ್ತರ ಲೋಕಲ್ ಗಾಡಿ ಕಾಣ್ತಿತ್ತು. ಎಷ್ಟು ಕಣ್ಣು ಬಿಗಿ ಹಿಡಿದ್ರೂ ಪ್ಲಾಟ್‌ಫಾರ್ಮಿನ ಗಡಿಯಾರ. ಈಗ ರಿಟೈರ್ ಆದ್ಮ್ಯಾಲ ನೀರಿನ ಟಾಕಿ, ಮಗಳ ಮನಿ ಚಿಂತಿ, ಇದೇ. ಕೆಲವು ದಿನ ಎರಡು ಮೂರು ನಿಮಿಷ ಏನೂ ಕಾಣೂದಿಲ್ಲ. ಏನಂದ್ರ ಏನೂ ಇಲ್ಲ. ಇವತ್ತು ಪೂಜಾ ಎಲ್ಲೋ ತಪ್ಪಿತು ಅಂತ ಮತ್ತ ಮೊದಲಿಂದ ಮಾಡ್ತೀನಿ.”

ಜುಲಿಯಾನಾ ಕರಿ ಕನ್ನಡಕ ತೆಗೆದರು.

“ಏನೂ ಇಲ್ವಾ? ಆ ಎರಡು ನಿಮಿಷದಲ್ಲಿ ಬೆನೆಡಿಕ್ಟಾ ಸಹ ಇಲ್ವಾ?”

“ನನಗ ಬೆನೆಡಿಕ್ಟಾ ಯಾಕ ಬರ್ತಾಳ್ರಿ?”

“ಅಂದ್ರೆ ನಿಮ್ಮ ಬೆನೆಡಿಕ್ಟಾ ಯಾರಿದ್ದಾರೋ ಅವರು.”

“ಇಲ್ಲ. ಯಾರೂ ಇಲ್ಲ.”

“ಮಾರಾಯ್ರೇ, ಅರವತ್ತು ವರ್ಷದಿಂದ ಜಪಮಾಲೆ ಹಿಡಿದು ನಾನು ಆ ಎರಡು ನಿಮಿಷ ಕೇಳ್ತಾ ಇದ್ದೇನೆ. ನೀವು ಸಿಕ್ಕಿದ್ದನ್ನು ತಪ್ಪು ಅಂತ ವಾಪಸ್ ಮಾಡ್ತಾ ಇದ್ದೀರಾ?”

ರಾಚವ್ವ ಮೊದಲು ನಕ್ಕಳು. ಆಮೇಲೆ ಜುಲಿಯಾನಾ. ಶಂಕ್ರೆಪ್ಪನವರು ನಗಲಿಲ್ಲ. ಅವರು ಅಂಗೈಯನ್ನು ಇನ್ನೂ ನೋಡುತ್ತಿದ್ದರು.

ಮುಂದಿನ ಬುಧವಾರ ಪಟ್ಟಿ ಕಟ್ಟುವ ಮೊದಲೇ ಅವರು, “ನಿನ್ನೆ ಫೋನ್ ಬಂದಿತ್ತೇನ್ರಿ?” ಎಂದು ಕೇಳಿದರು. ಬಂದಿತ್ತು. ಜುಲಿಯಾನಾ ಅದರ ಕಥೆಯನ್ನು ಹೇಳಿದರು. ಮಂಗಳೂರಿನ ಆ ಅತ್ತಿಗೆ ಈ ಸಲ ತಾಯಿಯ ಹಳೆಯ ಕಂಚಿನ ಪಾತ್ರೆ ಯಾರಿಗೆ ಸೇರಬೇಕೆಂದು ತಗಾದೆ ತೆಗೆದಿದ್ದಳಂತೆ. ಶಂಕ್ರೆಪ್ಪನವರು ಒಂದು ಬೆರಳನ್ನೂ ಮಡಚದೆ ಕೇಳಿದರು. ನಡುವೆ ಒಂದು ಸಲ ಮಾತ್ರ, ಪಾತ್ರೆ ಎಷ್ಟು ದೊಡ್ಡದು ಎಂದು ವಿಚಾರಿಸಿದರು. ಮಾತಾಡಬಾರದೆಂಬ ನಿಯಮವನ್ನು ಆ ದಿನ ಇಬ್ಬರೂ ಮರೆತರು.

ಆದರೆ ಇಷ್ಟು ವರ್ಷದ ಚಟ ಒಂದೇ ಸಲಕ್ಕೆ ಹೋಗುತ್ತದೆಯೇ? ಮಾತಿನ ಚಟ ಇಳಿದು ಪ್ರಶ್ನೆಯ ಚಟ ಹತ್ತಿತು. ಸೆಪ್ಟೆಂಬರಿನ ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯಿ ಯಾವುದೋ ನೋಟಿಸು ಹಿಡಿದು ಬಾಗಿಲು ತಟ್ಟಿದರು. ಗುಜರಾತಿನ ಜೈನರು, ಅರ್ಧ ವಾಕ್ಯದಲ್ಲಿ ಮಾತು ಮುಗಿಸುವ ಮನುಷ್ಯ. ಒಳಗೆ ಜುಲಿಯಾನಾ ಕೂಡ ಇದ್ದರು. ಹಿತೇಶ್ ಭಾಯಿಯ ಮುಖ ಬಾಡಿರುವುದನ್ನು ಕಂಡು ಜುಲಿಯಾನಾ ಏನಾಯಿತೆಂದು ಕೇಳಿದರು. ಪರ್ಯೂಷಣ ಹಬ್ಬ, ಆರನೇ ದಿನದ ಉಪವಾಸ, ಕಾಯಿಸಿ ಆರಿಸಿದ ನೀರು ಮಾತ್ರ ಎಂದರು ಹಿತೇಶ್ ಭಾಯಿ.

ಶಂಕ್ರೆಪ್ಪನವರ ನಾಲಿಗೆಯ ತುದಿಗೆ ಉಪವಾಸದ ವಿರುದ್ಧ ಮೂರು ಮಾತು ಬಂದವು. ಮೂರನ್ನೂ ನುಂಗಿಕೊಂಡು, ತಮ್ಮ ಹಿಂದಿಯಲ್ಲಿ ಮೆತ್ತಗೆ ಕೇಳಿದರು: “ಹಿತೇಶ್ ಭಾಯಿ, ಆರನೇ ದಿನ ಒಳಗ ಹೆಂಗ ಅನಸ್ತದ?”

ಹಿತೇಶ್ ಭಾಯಿ ನೋಟಿಸನ್ನು ಮಡಚಿ ಜೇಬಿಗಿಟ್ಟರು. ಹದಿನಾಲ್ಕು ವರ್ಷದಿಂದ ಉಪವಾಸ ಮಾಡುತ್ತಿದ್ದೇನೆ, ಈ ಬಿಲ್ಡಿಂಗಿನಲ್ಲಿ ತಬಿಯತ್ ಹೇಗಿದೆ ಎಂದವರುಂಟು, ಇದನ್ನು ಕೇಳಿದವರಿಲ್ಲ ಎಂದು ಹೇಳಿ ಸೋಫಾದ ಮೇಲೆ ಕೂತರು. ಮೊದಲ ದಿನದ ಹಸಿವಿನಿಂದ ಹಿಡಿದರು. ಎರಡನೇ ದಿನದ ಸಿಟ್ಟು, ಮೂರನೇ ದಿನದ ತಲೆನೋವು, ನಾಲ್ಕನೇ ದಿನ ಮಕ್ಕಳಿಗೆಂದು ಹೆಂಡತಿ ಕರಿಯುತ್ತಿದ್ದ ಪೂರಿಯ ವಾಸನೆ. ಅಲ್ಲಿಂದ ಆತ್ಮ, ಕರ್ಮ, ತಿಳಿಯದೆ ಕೊಂದ ಇರುವೆಗಳು. ಮುಕ್ಕಾಲು ಗಂಟೆ ಕಳೆದರೂ ಐದನೇ ದಿನ ಮುಗಿದಿರಲಿಲ್ಲ. ಜುಲಿಯಾನಾ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಶಂಕ್ರೆಪ್ಪನವರು ಒಂದು ಆಕಳಿಕೆಯನ್ನು ಮೂಗಿನಲ್ಲೇ ಮುಗಿಸಿದರು. ಆದರೆ ಪೂರಿಯ ಮಾತು ಬಂದಾಗ ತಮ್ಮ ಪ್ಲಾಟ್‌ಫಾರ್ಮಿನ ಗಡಿಯಾರದ ನೆನಪಾಗಿ, ತಿಳಿಯದೆಯೇ ತಲೆಯಾಡಿಸಿದ್ದರು.

ಕಿಟಕಿಯಾಚೆ ಬಿಸಿಲು ಇಳಿದದ್ದನ್ನು ಕಂಡು ಹಿತೇಶ್ ಭಾಯಿ ಗಡಬಡಿಸಿ ಎದ್ದರು. ಸೂರ್ಯ ಮುಳುಗಿದ ಮೇಲೆ ನೀರು ಕೂಡ ಕುಡಿಯುವಂತಿಲ್ಲ.

ಅವರು ಹೋದ ಮೇಲೆ ಶಂಕ್ರೆಪ್ಪನವರು ಕಾಲು ಚಾಚಿದರು. “ಕೇಳೂದು ಅಂದ್ರ ಭಾಳ ಕಷ್ಟದ ಕೆಲಸ ಅದರಿ, ಸಿಸ್ಟರ್.”

“ನನಗ ಹೇಳ್ತೀರಿ?” ಎಂದಳು ರಾಚವ್ವ ಅಡುಗೆಮನೆಯಿಂದ.

ಹತ್ತು ನಿಮಿಷದಲ್ಲಿ ಬೆಲ್ ಆಯಿತು. ಹಿತೇಶ್ ಭಾಯಿ ನೀರು ಕುಡಿದು, ಮುಖ ತೊಳೆದುಕೊಂಡು, ಐದನೇ ದಿನ ಮುಂದುವರಿಸಲು ಬಂದಿದ್ದರು.